ಪಂದ್ಯವಿಲ್ಲದ ತಿಂಗಳುಗಳು: ಬಕ್ಸ್ ಅಭಿಮಾನಿ ಏನು ನೋಡಬೇಕು?

ಪ್ರಶ್ನೆ: ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ನನ್ನ ತಂಡ ಮಿಲ್ವಾಕಿ ಬಕ್ಸ್. ಸೀಸನ್ ಇದ್ದಾಗ ಬೆಳಿಗ್ಗೆ ಎದ್ದು ಪಂದ್ಯ ನೋಡುತ್ತೇನೆ, ಅದರಲ್ಲಿ ತೊಂದರೆ ಇಲ್ಲ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಬರುವ ಸುದ್ದಿ ತಲೆಗೇ ಹತ್ತುವುದಿಲ್ಲ. 2025ರಲ್ಲಿ ನಮ್ಮ ಆಟಗಾರ ಡೇಮಿಯನ್ ಲಿಲ್ಲಾರ್ಡ್ ಅವರನ್ನು ಕೈಬಿಟ್ಟರು, ಆದರೂ ಐದು ವರ್ಷ ಅವರ ಸಂಬಳ ಲೆಕ್ಕದಲ್ಲೇ ಇರುತ್ತದೆ ಅನ್ನುತ್ತಾರೆ. ಅದು ಹೇಗೆ? ದಿನಕ್ಕೊಂದು ಟ್ರೇಡ್ (ತಂಡಗಳ ನಡುವೆ ಆಟಗಾರರ ವಿನಿಮಯ) ವದಂತಿ ಬರುತ್ತದಲ್ಲ, ಯಾವುದನ್ನು ನಂಬಬೇಕು?

ಉತ್ತರ: ಮೊದಲು ಒಂದು ಎಕ್ಸೆಲ್ ಹಾಳೆ ತೆರೆಯಿರಿ, ಇಲ್ಲವೇ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬಿಡಿ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುವುದು ಅಲ್ಲೇ. ಬೇಸಿಗೆಯಲ್ಲಿ ತಂಡ ಆಡುವುದು ಅಂಗಳದಲ್ಲಲ್ಲ, ಸಂಬಳದ ಲೆಕ್ಕದಲ್ಲಿ. ಆ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಹತ್ತು ವದಂತಿಯಲ್ಲಿ ಏಳೆಂಟನ್ನು ಯಾರನ್ನೂ ಕೇಳದೆ ನೀವೇ ತಳ್ಳಿಹಾಕಬಹುದು.

ನಾವೆಲ್ಲ ಐಪಿಎಲ್ ನೋಡಿ ಬೆಳೆದವರು. ಅಲ್ಲಿ ಹರಾಜು ನಡೆಯುತ್ತದೆ, ಹಣ ಮುಗಿದರೆ ಆಟ ಮುಗಿಯಿತು. ಎನ್‌ಬಿಎಯಲ್ಲಿ ಹರಾಜಿಲ್ಲ, ಸಂಬಳದ ಮಿತಿಯೂ ಗಟ್ಟಿ ಗೋಡೆಯಲ್ಲ. ಮಿತಿ ದಾಟಬಹುದು, ಆದರೆ ದಾಟುತ್ತಾ ಹೋದಂತೆ ಒಂದೊಂದೇ ಬಾಗಿಲು ಮುಚ್ಚುತ್ತದೆ. 2025-26ರ ಸೀಸನ್ನಿಗೆ ಆ ಗೆರೆಗಳು ಹೀಗಿದ್ದವು: ಸ್ಯಾಲರಿ ಕ್ಯಾಪ್ (ಸಂಬಳದ ಮಿತಿ) 15.46 ಕೋಟಿ ಡಾಲರ್, ಲಕ್ಷುರಿ ಟ್ಯಾಕ್ಸ್ ಎಂಬ ದಂಡದ ತೆರಿಗೆ ಶುರುವಾಗುವುದು 18.79 ಕೋಟಿಗೆ, ಅದಕ್ಕೂ ಮೇಲಿನ ಗೆರೆಗಳಾದ ಮೊದಲ ಏಪ್ರನ್ 19.59 ಕೋಟಿಗೆ, ಎರಡನೇ ಏಪ್ರನ್ 20.78 ಕೋಟಿಗೆ. ಇಂಗ್ಲಿಷ್ ವರದಿಗಳೆಲ್ಲ ಮಿಲಿಯನ್‌ನಲ್ಲಿ ಬರೆಯುತ್ತವೆ. ಹತ್ತು ಮಿಲಿಯನ್ ಒಂದು ಕೋಟಿ, ಅಂದರೆ ದಶಮಾಂಶ ಬಿಂದುವನ್ನು ಒಂದು ಸ್ಥಾನ ಎಡಕ್ಕೆ ಸರಿಸಿದರೆ ಸಾಕು. ರೂಪಾಯಿಗೆ ಬದಲಿಸಲು ಹೋಗಬೇಡಿ. ವಿನಿಮಯ ದರ ದಿನಾ ಬದಲಾಗುವುದರಿಂದ ಲೆಕ್ಕ ಕೆಡುತ್ತದೆ.

ಈಗ ಹಾಳೆ. ಎಡಗಡೆ ಆಟಗಾರರ ಹೆಸರು. ಪಕ್ಕದಲ್ಲಿ ಮುಂದಿನ ನಾಲ್ಕು ಸೀಸನ್ನಿಗೆ ನಾಲ್ಕು ಕಾಲಂ. ಪ್ರತಿ ಮನೆಯಲ್ಲೂ ಆ ವರ್ಷದ ಸಂಬಳ, ಜತೆಗೆ ಒಂದು ಗುರುತು: ಆಟಗಾರನ ಆಯ್ಕೆಯ ವರ್ಷವೇ (ಮುಂದುವರಿಯುವುದೋ ಬೇಡವೋ ಎಂದು ಅವನೇ ತೀರ್ಮಾನಿಸುವ ವರ್ಷ), ತಂಡದ ಆಯ್ಕೆಯ ವರ್ಷವೇ, ಪೂರ್ತಿ ಗ್ಯಾರಂಟಿ ಇದೆಯೇ ಇಲ್ಲವೇ. ಕೊನೆಯ ಕಾಲಂನಲ್ಲಿ ಟ್ರೇಡ್ ಮಾಡಲು ಏನಾದರೂ ತಡೆ ಇದ್ದರೆ ಬರೆಯಿರಿ. ಆಟಗಾರರ ಪಟ್ಟಿ ಮುಗಿದ ಮೇಲೆ ಕೆಳಗೆ ಇನ್ನೆರಡು ಸಾಲು ಬೇಕು. ಒಂದು ತಂಡದಲ್ಲಿಲ್ಲದವರಿಗೆ ಕೊಡುತ್ತಿರುವ ಹಣಕ್ಕೆ, ಇನ್ನೊಂದು ಡ್ರಾಫ್ಟ್ ಪಿಕ್‌ಗಳಿಗೆ, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಹಕ್ಕುಗಳಿಗೆ. ಹೆಚ್ಚಿನವರು ಈ ಎರಡು ಸಾಲುಗಳನ್ನೇ ಬಿಟ್ಟುಬಿಡುತ್ತಾರೆ, ಲೆಕ್ಕ ತಪ್ಪುವುದೂ ಅಲ್ಲೇ. ಅಂಕಿಗಳಿಗೆ ಸ್ಪೋಟ್ರ್ಯಾಕ್‌ನಂಥ ತಾಣಗಳಿವೆ. ಒಂದು ಸಲ ಕೈಯಾರೆ ತುಂಬಿಸಿ. ನಕಲು ಮಾಡಿ ಅಂಟಿಸಿದರೆ ಯಾವ ಒಪ್ಪಂದ ಎಲ್ಲಿ ಮುಗಿಯುತ್ತದೆ ಎನ್ನುವುದು ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಬಹು ವರ್ಷದ ಒಪ್ಪಂದದ ಸುದ್ದಿ ಬಂದಾಗ ಮೊತ್ತವನ್ನು ವರ್ಷದ ಸಂಖ್ಯೆಯಿಂದ ಸುಮ್ಮನೆ ಭಾಗಿಸಬೇಡಿ. ಹೊರಗಿನಿಂದ ಬಂದ ಆಟಗಾರನಿಗೆ ಗರಿಷ್ಠ ನಾಲ್ಕು ವರ್ಷ, ವರ್ಷಕ್ಕೆ ಶೇ 5ರವರೆಗೆ ಏರಿಕೆ. ತನ್ನದೇ ತಂಡ ಬರ್ಡ್ ಹಕ್ಕಿನಲ್ಲಿ (ಕ್ಯಾಪ್ ದಾಟಿಯಾದರೂ ತನ್ನ ಆಟಗಾರನನ್ನು ಇಟ್ಟುಕೊಳ್ಳುವ ಹಕ್ಕು) ಉಳಿಸಿಕೊಂಡರೆ ಐದು ವರ್ಷ, ಶೇ 8ರವರೆಗೆ. ಈ ಏರಿಕೆ ಚಕ್ರಬಡ್ಡಿಯಂತಲ್ಲ, ಪ್ರತಿ ವರ್ಷವೂ ಮೊದಲ ವರ್ಷದ ಸಂಬಳದ ಮೇಲೆಯೇ. ಹಾಗಾಗಿ ಶೇ 5ರ ನಾಲ್ಕು ವರ್ಷದ ಒಪ್ಪಂದವಾದರೆ ಒಟ್ಟು ಮೊತ್ತವನ್ನು 4.3ರಿಂದ ಭಾಗಿಸಿ, ಶೇ 8ರ ಐದು ವರ್ಷಕ್ಕೆ 5.8ರಿಂದ. ಮೈಲ್ಸ್ ಟರ್ನರ್ 2025ರಲ್ಲಿ ಬಕ್ಸ್ ಜತೆ ಮಾಡಿಕೊಂಡ ನಾಲ್ಕು ವರ್ಷದ ಒಪ್ಪಂದ ಸುಮಾರು 10.89 ಕೋಟಿ. ಭಾಗಿಸಿದರೆ ಮೊದಲ ವರ್ಷ 2.53 ಕೋಟಿ. ಕ್ಯಾಪ್‌ನಲ್ಲಿ ಜಾಗ ಇದೆಯೇ ಎಂದು ನೋಡುವಾಗ ಬೇಕಾಗುವುದು ಈ ಮೊದಲ ವರ್ಷದ ಅಂಕಿ.

ಇನ್ನು ಲಿಲ್ಲಾರ್ಡ್ ವಿಷಯ. 2025ರ ಏಪ್ರಿಲ್‌ನಲ್ಲಿ ಪೇಸರ್ಸ್ ವಿರುದ್ಧದ ಸರಣಿಯಲ್ಲಿ ಅವರ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ಮುಂದಿನ ಸೀಸನ್ ಆಡುವ ಭರವಸೆ ಇರಲಿಲ್ಲ. ಒಪ್ಪಂದದಲ್ಲಿ ಇನ್ನೂ ಎರಡು ವರ್ಷ ಬಾಕಿ: 5.41 ಕೋಟಿ ಮತ್ತು 5.85 ಕೋಟಿ, ಒಟ್ಟು 11.26 ಕೋಟಿ ಡಾಲರ್. ಆ ಹಣಕ್ಕೆ ಗ್ಯಾರಂಟಿ ಇದ್ದುದರಿಂದ ಆಟಗಾರನನ್ನು ಬಿಡುಗಡೆ ಮಾಡಿದರೂ ಪೂರ್ತಿ ಕೊಡಲೇಬೇಕು. ನಿಯಮ ಕೊಡುವ ಸೌಲಭ್ಯ ಒಂದೇ, ಕಂತು ಹಿಗ್ಗಿಸುವುದು. ಅದಕ್ಕೆ ಸ್ಟ್ರೆಚ್ ಎನ್ನುತ್ತಾರೆ. ಬಾಕಿ ವರ್ಷಗಳನ್ನು ದುಪ್ಪಟ್ಟು ಮಾಡಿ ಒಂದು ಕೂಡಿಸಿ. ಎರಡು ವರ್ಷ ಬಾಕಿ ಇದ್ದದ್ದಕ್ಕೆ ಐದು ಕಂತು. 11.26 ಕೋಟಿಯನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ 2.25 ಕೋಟಿ, 2029-30ರವರೆಗೆ. ನೀವು ಕೇಳಿದ ಐದು ವರ್ಷ ಇದೇ.

ಹಾಗಾದರೆ ಎಲ್ಲ ತಂಡವೂ ಬೇಡದ ಒಪ್ಪಂದಗಳನ್ನೆಲ್ಲ ಹೀಗೆ ಹಿಗ್ಗಿಸಬಹುದಲ್ಲ ಅನ್ನಿಸುತ್ತದೆ. ಆಗುವುದಿಲ್ಲ. ಹೀಗೆ ಹಿಗ್ಗಿಸಿದ ಮೊತ್ತಗಳೆಲ್ಲ ಸೇರಿ ಯಾವ ವರ್ಷದಲ್ಲೂ ಕ್ಯಾಪ್‌ನ ಶೇ 15 ದಾಟುವಂತಿಲ್ಲ. 15.46 ಕೋಟಿಯ ಶೇ 15 ಅಂದರೆ 2.32 ಕೋಟಿ. ಲಿಲ್ಲಾರ್ಡ್ ಒಬ್ಬರದೇ 2.25. ಆ ಬಾಗಿಲು ಬಕ್ಸ್‌ಗೆ ಅವತ್ತೇ ಹೆಚ್ಚುಕಡಿಮೆ ಮುಚ್ಚಿಹೋಯಿತು. ಮುಂದೆ ಯಾರಾದರೂ 'ಇನ್ನೊಬ್ಬ ದೊಡ್ಡ ಸಂಬಳದವನನ್ನೂ ಸ್ಟ್ರೆಚ್ ಮಾಡ್ತಾರಂತೆ' ಅಂದರೆ ಮೊದಲು ಈ ಶೇ 15ರ ಲೆಕ್ಕ ಹಾಕಿ ನೋಡಿ.

ಇಷ್ಟೆಲ್ಲ ಮಾಡಿದ್ದು ಟರ್ನರ್‌ಗಾಗಿ. ಅವರನ್ನು ಕ್ಯಾಪ್ ಜಾಗದಲ್ಲಿ ತರಬೇಕಾದರೆ ಆ ವರ್ಷದ 5.41 ಕೋಟಿಯ ಸಾಲು 2.25ಕ್ಕೆ ಇಳಿಯಬೇಕಿತ್ತು. ಅದೊಂದೇ ಸಾಲದು, ಬ್ರೂಕ್ ಲೋಪೆಜ್ ಹೆಸರಿನ ಕ್ಯಾಪ್ ಹೋಲ್ಡ್ ಕೂಡ ಹೋಗಬೇಕಿತ್ತು. ಒಪ್ಪಂದ ಮುಗಿದ ಆಟಗಾರನ ಮೇಲೆ ತಂಡಕ್ಕೆ ಹಕ್ಕು ಉಳಿಯುತ್ತದೆ, ಹಕ್ಕು ಇರುವವರೆಗೆ ಅವನ ಹೆಸರಿನಲ್ಲಿ ಒಂದು ಮೊತ್ತ ಲೆಕ್ಕದಲ್ಲಿ ಕೂತಿರುತ್ತದೆ. ಸರಾಸರಿಗಿಂತ ಹೆಚ್ಚು ಸಂಬಳವಿದ್ದ, ಪೂರ್ಣ ಬರ್ಡ್ ಹಕ್ಕಿನ ಆಟಗಾರನಿಗೆ ಅದು ಹಳೆಯ ಸಂಬಳದ ಶೇ 150. ಲೋಪೆಜ್ ಹಿಂದಿನ ವರ್ಷ ಪಡೆದದ್ದು 2.3 ಕೋಟಿ, ಹೋಲ್ಡ್ 3.45 ಕೋಟಿ. ಅವರು ಕ್ಲಿಪ್ಪರ್ಸ್‌ಗೆ ಹೋದಾಗ ಬೇಸರಪಟ್ಟ ಅಭಿಮಾನಿಗಳು ಬಹಳ. ಆದರೆ ಹಾಳೆ ಇಟ್ಟುಕೊಂಡವರಿಗೆ ಗೊತ್ತಿತ್ತು, ಟರ್ನರ್ ಬರುವುದು ಮತ್ತು ಲೋಪೆಜ್ ಉಳಿಯುವುದು ಒಟ್ಟಿಗೆ ಆಗುವ ಮಾತಲ್ಲ.

ಈಗ 2025-26ರ ನಾಲ್ಕೇ ಸಾಲು ಕೂಡಿಸಿ ನೋಡಿ. ತಂಡದ ತಾರೆ ಯಾನಿಸ್ ಆಂಟೆಟೊಕುಂಪೊ 5.41, ಟರ್ನರ್ 2.53, ತಂಡದಲ್ಲೇ ಇಲ್ಲದ ಲಿಲ್ಲಾರ್ಡ್ 2.25, ಕೈಲ್ ಕುಜ್ಮಾ 2.24. ಒಟ್ಟು 12.43 ಕೋಟಿ. ಕ್ಯಾಪ್ 15.46. ಮೂವರು ಆಟಗಾರರು ಮತ್ತು ಒಂದು ಖಾಲಿ ಕುರ್ಚಿಗೆ ಅಷ್ಟು ಹೋದ ಮೇಲೆ ಉಳಿದ ಹನ್ನೆರಡು ಜಾಗಕ್ಕೆ ಬಾಬಿ ಪೋರ್ಟಿಸ್‌ರಂಥ ಒಬ್ಬಿಬ್ಬರನ್ನು ಬಿಟ್ಟರೆ ಕಡಿಮೆ ಸಂಬಳದವರೇ ಯಾಕೆ ಬಂದರು ಎನ್ನುವುದು ಅಲ್ಲೇ ಕಾಣುತ್ತದೆ. ಟರ್ನರ್‌ಗಾಗಿ ಐದು ವರ್ಷದ ಹೊರೆ ಹೊತ್ತದ್ದು ಸರಿಯೇ? ಯಾನಿಸ್ ಉತ್ತುಂಗದಲ್ಲಿರುವ ಒಂದೆರಡು ವರ್ಷ ವ್ಯರ್ಥವಾಗಬಾರದು ಎಂಬ ತುರ್ತು ಅರ್ಥವಾಗುತ್ತದೆ, ಆದರೂ ನನ್ನ ಮಟ್ಟಿಗೆ ಅದು ದುಬಾರಿ. ಆ 2.25 ಕೋಟಿಯಲ್ಲಿ ಪ್ರತಿ ವರ್ಷ ಒಬ್ಬ ಒಳ್ಳೆಯ ಆರಂಭಿಕ ಆಟಗಾರ ಬರುತ್ತಿದ್ದ.

ಪಿಕ್‌ಗಳ ಸಾಲನ್ನೂ ಮರೆಯಬೇಡಿ. 2023ರಲ್ಲಿ ಲಿಲ್ಲಾರ್ಡ್ ಅವರನ್ನು ತಂದ ಟ್ರೇಡ್‌ನಲ್ಲಿ ಬಕ್ಸ್ ತನ್ನ 2029ರ ಮೊದಲ ಸುತ್ತಿನ ಪಿಕ್ಕನ್ನು ಪೋರ್ಟ್‌ಲ್ಯಾಂಡ್‌ಗೆ ಕೊಟ್ಟಿತು. 2028 ಮತ್ತು 2030ರಲ್ಲಿ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಸ್ಟೆಪಿಯನ್ ನಿಯಮದ ಪ್ರಕಾರ ಮುಂದಿನ ಎರಡು ಅನುಕ್ರಮ ವರ್ಷಗಳಲ್ಲಿ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಯಾವ ತಂಡವೂ ಟ್ರೇಡ್ ಮಾಡುವಂತಿಲ್ಲ. ಏಳು ವರ್ಷಕ್ಕಿಂತ ಆಚಿನ ಪಿಕ್ ಕೊಡಲೂ ಬರುವುದಿಲ್ಲ. ಹೀಗಾಗಿ 'ನಾಲ್ಕು ಫಸ್ಟ್ ರೌಂಡ್ ಪಿಕ್ ಕೊಟ್ಟು ಸ್ಟಾರ್ ತರ್ತಾರೆ' ಎಂಬ ಮಾತು ಕೇಳಿದಾಗ ಯಾವ ಯಾವ ವರ್ಷದ್ದು ಎಂದು ಹಾಳೆಯಲ್ಲಿ ಬೆರಳಿಟ್ಟು ಎಣಿಸಿ.

ಟ್ರೇಡ್ ವದಂತಿಯನ್ನು ಪರೀಕ್ಷಿಸುವ ಕ್ರಮ ಹೀಗಿದೆ. ಮೊದಲು ಸಂಬಳ ಹೊಂದುತ್ತದೆಯೇ ನೋಡಿ. ಕ್ಯಾಪ್ ದಾಟಿದ ತಂಡ ಕೊಡುವುದಕ್ಕಿಂತ ಸ್ವಲ್ಪ ಹೆಚ್ಚು ಸಂಬಳ ತೆಗೆದುಕೊಳ್ಳಬಹುದು, ಬಹಳ ಅಲ್ಲ. ಕುಜ್ಮಾ ಒಬ್ಬರನ್ನೇ ಕೊಟ್ಟು 4 ಕೋಟಿ ಸಂಬಳದವರನ್ನು ತರುತ್ತಾರೆ ಎಂದರೆ ಲೆಕ್ಕ ಕೂಡುವುದಿಲ್ಲ, ಅಲ್ಲಿಗೆ ಬಿಟ್ಟುಬಿಡಿ. ಆಮೇಲೆ ಎರಡೂ ತಂಡಗಳು ಯಾವ ಗೆರೆಯ ಮೇಲಿವೆ ಎಂದು ನೋಡಿ. ಮೊದಲ ಏಪ್ರನ್ ದಾಟಿದ ತಂಡ ಕೊಟ್ಟದ್ದಕ್ಕಿಂತ ಒಂದು ಡಾಲರ್ ಹೆಚ್ಚು ಸಂಬಳವನ್ನೂ ತೆಗೆದುಕೊಳ್ಳುವಂತಿಲ್ಲ. ಎರಡನೇ ಏಪ್ರನ್ ದಾಟಿದ್ದರೆ ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವ ದಾರಿಯೂ ಇಲ್ಲ, ಟ್ರೇಡ್‌ನಲ್ಲಿ ನಗದು ಕೊಡುವ ದಾರಿಯೂ ಇಲ್ಲ. ಮೂರನೆಯದು ಆಟಗಾರನ ಮೇಲಿನ ತಡೆ. ಆಗಷ್ಟೇ ಸಹಿ ಹಾಕಿದ ಡ್ರಾಫ್ಟ್ ಹುಡುಗನನ್ನು 30 ದಿನ ಟ್ರೇಡ್ ಮಾಡುವಂತಿಲ್ಲ. ಬೇಸಿಗೆಯಲ್ಲಿ ಸಹಿ ಹಾಕಿದ ಫ್ರೀ ಏಜೆಂಟ್‌ಗಳು (ಹಳೆಯ ಒಪ್ಪಂದ ಮುಗಿದು ಯಾವ ತಂಡಕ್ಕಾದರೂ ಹೋಗಬಹುದಾದವರು) ಸಾಮಾನ್ಯವಾಗಿ ಡಿಸೆಂಬರ್ 15ರವರೆಗೆ ಅಲುಗಾಡುವಂತಿಲ್ಲ. ಆಗಸ್ಟ್‌ನಲ್ಲಿ 'ಟರ್ನರ್‌ರನ್ನು ಟ್ರೇಡ್ ಮಾಡ್ತಾರೆ' ಎಂದು ಬರೆದವರಿಗೆ ಈ ತಾರೀಖು ಗೊತ್ತಿರಲಿಲ್ಲ ಅಷ್ಟೇ.

ಲೆಕ್ಕ ಕೂಡಿತು ಅಂದುಕೊಳ್ಳಿ. ಆಗ ಬರೆದವರು ಯಾರು, ಯಾವ ಕ್ರಿಯಾಪದ ಬಳಸಿದ್ದಾರೆ ಎಂದು ನೋಡಿ. 'ಒಪ್ಪಿದ್ದಾರೆ' ಎಂಬುದೇ ಬೇರೆ, 'ಆಸಕ್ತಿ ತೋರಿದ್ದಾರೆ' ಎಂಬುದೇ ಬೇರೆ. ಆಸಕ್ತಿಗೆ ಬೆಲೆ ಇಲ್ಲ. ಮೂವತ್ತು ತಂಡಗಳಿಗೂ ಒಳ್ಳೆಯ ಆಟಗಾರರ ಮೇಲೆ ಆಸಕ್ತಿ ಇದ್ದೇ ಇರುತ್ತದೆ. ಆ ಮಾತು ಹೊರಗೆ ಬಿದ್ದರೆ ಲಾಭ ಯಾರಿಗೆ ಎಂದೂ ಕೇಳಿಕೊಳ್ಳಿ. ಬಹಳ ಸಲ ಆಟಗಾರನ ಏಜೆಂಟ್‌ಗೆ, ಬೆಲೆ ಏರಿಸಲು. ಇಎಸ್‌ಪಿಎನ್‌ನ ಶಾಮ್ಸ್ ಚರಾನಿಯಾ 'ಒಪ್ಪಂದವಾಗಿದೆ' ಎಂದು ಹಾಕಿದರೆ ಬಹುಮಟ್ಟಿಗೆ ಆದಂತೆಯೇ. ಆದರೆ ಒಪ್ಪಂದ ಯಾಕಾಯಿತು, ತಂಡದೊಳಗೆ ಏನು ಯೋಚನೆ ನಡೆದಿದೆ ಎಂಬುದು ತಿಳಿಯಲು ಊರಿನ ವರದಿಗಾರರೇ ಬೇಕು. ಬಕ್ಸ್ ಬಗ್ಗೆ ದಿ ಅಥ್ಲೆಟಿಕ್‌ನ ಎರಿಕ್ ನೇಮ್, ಮಿಲ್ವಾಕಿ ಜರ್ನಲ್ ಸೆಂಟಿನೆಲ್‌ನ ಜಿಮ್ ಓವ್ಚಾರ್ಸ್ಕಿ ಬರೆದದ್ದನ್ನು ಓದಿ. ವಾಟ್ಸ್ಆ್ಯಪ್ ಗುಂಪಿಗೆ ಬರುವ ಸ್ಕ್ರೀನ್‌ಶಾಟ್ ಮಾತ್ರ ನಂಬಲೇಬೇಡಿ. ಎನ್‌ಬಿಎ ಸೆಂಟ್ರಲ್ ಎಂಬ ಖಾತೆಯನ್ನು ಅಣಕಿಸುವ ಎನ್‌ಬಿಎ ಸೆಂಟೆಲ್ ಖಾತೆಯ ಪೋಸ್ಟುಗಳಿಗೆ ದೊಡ್ಡ ದೊಡ್ಡವರೇ ಮೋಸಹೋಗಿದ್ದಾರೆ. ಒಂದೆರಡು ಅಕ್ಷರದ ವ್ಯತ್ಯಾಸ, ಸಣ್ಣ ಪರದೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮೂಲ ಖಾತೆಗೆ ಹೋಗಿ ಪೋಸ್ಟ್ ಇದೆಯೇ ನೋಡಿ. ಕೊನೆಯ ಮಾತು ಎನ್‌ಬಿಎ ಅಧಿಕೃತ ತಾಣದ ಟ್ರಾನ್ಸಾಕ್ಷನ್ಸ್ ಪುಟದ್ದು. ಅಲ್ಲಿ ಬಂದ ಮೇಲೆಯೇ ಹಾಳೆಯಲ್ಲಿ ಪೆನ್ನಿನಿಂದ ಬರೆಯಿರಿ, ಅಲ್ಲಿಯವರೆಗೆ ಪೆನ್ಸಿಲ್.

ಪೆನ್ಸಿಲ್ ಯಾಕೆ ಅಂದರೆ, ಜುಲೈ ಮೊದಲ ವಾರದ ಒಪ್ಪಂದಗಳಲ್ಲಿ ಹೆಚ್ಚಿನವು ಬಾಯಿಮಾತಿನವು. ಫ್ರೀ ಏಜೆನ್ಸಿ ಶುರುವಾಗುವುದು ಅಮೆರಿಕದ ಪೂರ್ವ ಕರಾವಳಿಯ ಸಮಯ ಜೂನ್ 30ರ ಸಂಜೆ 6ಕ್ಕೆ. ನಮಗೆ ಅದು ಜುಲೈ 1ರ ಬೆಳಗಿನ ಜಾವ 3:30. ತಾರೀಖು ಬದಲಾಗುವುದರಿಂದ ಒಂದು ದಿನ ತಡವಾಗಿ ಅಲಾರಂ ಇಡುವವರು ಬಹಳ. ಜುಲೈ 6ರ ಮಧ್ಯಾಹ್ನದವರೆಗೆ, ಅಂದರೆ ನಮ್ಮ ರಾತ್ರಿ 9:30ರವರೆಗೆ, ಮೊರಟೋರಿಯಂ. ಮಾತುಕತೆ ನಡೆಸಬಹುದು, ಕನಿಷ್ಠ ಸಂಬಳದ ಒಪ್ಪಂದದಂಥ ಕೆಲವನ್ನು ಬಿಟ್ಟರೆ ಸಹಿ ಹಾಕುವಂತಿಲ್ಲ. 2015ರಲ್ಲಿ ಡಿಆಂಡ್ರೆ ಜೋರ್ಡನ್ ಡಲ್ಲಾಸ್‌ಗೆ ಬರುತ್ತೇನೆ ಎಂದು ಒಪ್ಪಿ, ಈ ದಿನಗಳಲ್ಲೇ ಮನಸ್ಸು ಬದಲಿಸಿ ಕ್ಲಿಪ್ಪರ್ಸ್ ಜತೆಗೇ ಉಳಿದರು. ಅಂಥದ್ದು ಅಪರೂಪ, ಆದರೆ ನಿಯಮ ಅದಕ್ಕೆ ಎಡೆ ಕೊಡುತ್ತದೆ. ಟ್ರೇಡ್‌ನ ಸ್ವರೂಪವೂ ಈ ನಡುವೆ ಬೆಳೆಯಬಹುದು. 2025ರಲ್ಲಿ ಕೆವಿನ್ ಡ್ಯೂರಾಂಟ್ ಹ್ಯೂಸ್ಟನ್‌ಗೆ ಹೋಗುವ ಸುದ್ದಿ ಬಂದದ್ದು ಜೂನ್ 22ರಂದು, ಎರಡು ತಂಡಗಳ ವ್ಯವಹಾರವಾಗಿ. ಜುಲೈ 6ರಂದು ಅಧಿಕೃತವಾದಾಗ ಅದರಲ್ಲಿ ಏಳು ತಂಡಗಳಿದ್ದವು.

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತಲು ಮೂರು ಗಂಟೆಗೆ ಏಳುವ ಸೀಮೆ ನಮ್ಮದು, 3:30ಕ್ಕೆ ಏಳುವುದೇನು ದೊಡ್ಡದಲ್ಲ. ಆದರೆ ಅಗತ್ಯವೂ ಇಲ್ಲ. ಈಗ ತಂಡಗಳು ತಮ್ಮದೇ ಆಟಗಾರರ ಜತೆ ಫೈನಲ್ಸ್ ಮುಗಿದ ಮರುದಿನದಿಂದಲೇ ಮಾತಾಡಬಹುದು, ಹಾಗಾಗಿ ಬಹಳಷ್ಟು ಸುದ್ದಿ ಅದಕ್ಕೂ ಮುಂಚೆಯೇ ಬಂದಿರುತ್ತದೆ. ಜೂನ್ 29 ಅದಕ್ಕಿಂತ ಮುಖ್ಯವಾದ ದಿನ. ಆಯ್ಕೆಯ ವರ್ಷವಿರುವ ಹಲವು ಆಟಗಾರರು ಉಳಿಯುತ್ತೇನೆ ಅಥವಾ ಹೊರಡುತ್ತೇನೆ ಎನ್ನಬೇಕಾದ ಗಡುವು ಅವತ್ತೇ ಇರುತ್ತದೆ. ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್‌ಗಳಿಗೆ (ಬೇರೆ ತಂಡದ ಕೊಡುಗೆಗೆ ಸರಿಗಟ್ಟಿ ಹಳೆಯ ತಂಡ ಉಳಿಸಿಕೊಳ್ಳಬಹುದಾದವರು) ಆ ಹಕ್ಕು ಉಳಿಯಲು ತಂಡ ಕ್ವಾಲಿಫೈಯಿಂಗ್ ಆಫರ್ ಕೊಡಬೇಕಾದದ್ದೂ ಆ ಹೊತ್ತಿಗೇ. ಅದನ್ನು ನೋಡಿ ಹಾಳೆ ಸರಿಮಾಡಿಕೊಂಡರೆ 1ನೇ ತಾರೀಖು ಏಳು ಗಂಟೆಗೆ ಕಾಫಿ ಕುಡಿಯುತ್ತಾ ಓದಿದರೂ ಏನೂ ತಪ್ಪುವುದಿಲ್ಲ.

ಡ್ರಾಫ್ಟ್ ನಡೆಯುವುದು ಇದಕ್ಕೆ ಕೆಲವೇ ದಿನ ಮುಂಚೆ. 2024ರಿಂದ ಎರಡು ಸುತ್ತು ಎರಡು ದಿನ. 2025ರಲ್ಲಿ ನಮ್ಮ ಲೆಕ್ಕಕ್ಕೆ ಜೂನ್ 26 ಮತ್ತು 27ರ ಬೆಳಿಗ್ಗೆ 5:30ಕ್ಕೆ. ಹುಡುಗ ಹಾಕಿಕೊಂಡ ಟೋಪಿ ನೋಡಿ ತಂಡ ತೀರ್ಮಾನಿಸಬೇಡಿ. ಅವನ ಪಿಕ್ ಆಗಲೇ ಕೈಬದಲಾಗಿದ್ದರೂ ಟ್ರೇಡ್ ಅಧಿಕೃತವಾಗುವವರೆಗೆ ಹಳೆಯ ತಂಡದ ಟೋಪಿಯನ್ನೇ ಕೊಡುತ್ತಾರೆ. ಕೆಳಗಿನ ಪಿಕ್ ಎಂದು ಕಡೆಗಣಿಸಲೂಬೇಡಿ. ಯಾನಿಸ್ 2013ರಲ್ಲಿ 15ನೆಯವರು, ನಿಕೊಲಾ ಯೊಕಿಚ್ 2014ರಲ್ಲಿ 41ನೆಯವರು. 2025ರಲ್ಲಿ ಬಕ್ಸ್ 47ನೇ ಪಿಕ್‌ನಲ್ಲಿ ಸರ್ಬಿಯಾದ ಬೊಗೊಲ್ಯುಬ್ ಮಾರ್ಕೊವಿಚ್ ಅವರನ್ನು ಆರಿಸಿತು.

ಜುಲೈ ನಡುವೆ ಹೆಚ್ಚಾಗಿ ಹೊಸ ಹುಡುಗರು ಆಡುವ ಲಾಸ್ ವೇಗಸ್ ಸಮ್ಮರ್ ಲೀಗ್. ಮೂವತ್ತೂ ತಂಡ, ಪ್ರತಿ ತಂಡಕ್ಕೆ ಕನಿಷ್ಠ ಐದು ಪಂದ್ಯ, ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಹತ್ತು ಫೌಲ್‌ವರೆಗೆ ಆಡಬಹುದು. ವೇಗಸ್ ಸಮಯಕ್ಕೆ ಹನ್ನೆರಡೂವರೆ ಗಂಟೆ ಕೂಡಿಸಿ: ಅಲ್ಲಿ ಸಂಜೆ 7:30 ಅಂದರೆ ಇಲ್ಲಿ ಮರುದಿನ ಬೆಳಿಗ್ಗೆ 8, ಕಾಲೇಜಿಗೆ ಹೊರಡುವ ಮುನ್ನ ಅರ್ಧ ಪಂದ್ಯ ಸಿಗುತ್ತದೆ. ಅಲ್ಲಿ ಪಾಯಿಂಟ್ ಎಣಿಸಬೇಡಿ. 2025ರಲ್ಲಿ ಮೊದಲ ಪಿಕ್ ಕೂಪರ್ ಫ್ಲ್ಯಾಗ್ ಮೊದಲ ಪಂದ್ಯದಲ್ಲಿ 21 ಎಸೆತದಲ್ಲಿ 5 ಮಾತ್ರ ಹಾಕಿ 10 ಪಾಯಿಂಟ್ ಗಳಿಸಿದರು. ಎರಡನೆಯದರಲ್ಲಿ 31. ಆಮೇಲೆ ತಂಡ ಅವರನ್ನು ಕೂರಿಸಿತು. ಆ ಎರಡು ಪಂದ್ಯದ ಅಂಕಿಯಿಂದ ಏನು ತೀರ್ಮಾನಿಸುತ್ತೀರಿ? ಅದರ ಬದಲು ಚೆಂಡು ಕೈಯಲ್ಲಿಲ್ಲದಾಗ ಹುಡುಗ ಎಲ್ಲಿ ನಿಲ್ಲುತ್ತಾನೆ, ಎದುರಾಳಿ ಸ್ಕ್ರೀನ್ ಇಟ್ಟಾಗ (ದಾರಿಗೆ ಅಡ್ಡ ನಿಂತಾಗ) ಮಾತಾಡುತ್ತಾನೋ ಇಲ್ಲವೋ, ದಣಿದ ನಾಲ್ಕನೇ ಕ್ವಾರ್ಟರ್‌ನಲ್ಲಿ ಓಡಿ ಹಿಂದೆ ಬರುತ್ತಾನೋ ಇಲ್ಲವೋ ನೋಡಿ. ಇವು ಅಕ್ಟೋಬರ್‌ನಲ್ಲೂ ಹಾಗೇ ಇರುತ್ತವೆ. ಭಾರತದವರಿಗೆ ಈ ಲೀಗ್ ಹತ್ತಿರವಾಗಲು ಇನ್ನೊಂದು ಕಾರಣವಿದೆ. 2015ರಲ್ಲಿ 52ನೇ ಪಿಕ್ ಆಗಿ ಡಲ್ಲಾಸ್ ಸೇರಿದ ಸತ್ನಾಮ್ ಸಿಂಗ್ ಆಡಿದ್ದು ಇಲ್ಲಿ. 2021ರಲ್ಲಿ ಸಮ್ಮರ್ ಲೀಗ್ ಗೆದ್ದ ಸ್ಯಾಕ್ರಮೆಂಟೊ ತಂಡದಲ್ಲಿ ಪ್ರಿನ್ಸ್‌ಪಾಲ್ ಸಿಂಗ್ ಇದ್ದರು.

ಆಗಸ್ಟ್‌ನಲ್ಲಿ ತಂಡದ ಸುದ್ದಿ ತೀರಾ ಕಡಿಮೆ. ತಿಂಗಳ ನಡುವೆ ವೇಳಾಪಟ್ಟಿ ಬರುತ್ತದೆ, ಅದನ್ನು ಫೋನ್ ಕ್ಯಾಲೆಂಡರ್‌ಗೆ ಹಾಕಿಕೊಳ್ಳಿ. ಆಟ ಬೇಕೆನಿಸಿದರೆ ರಾಷ್ಟ್ರೀಯ ತಂಡಗಳ ಟೂರ್ನಿಗಳಿವೆ. 2025ರಲ್ಲಿ ಜೆಡ್ಡಾದ ಏಷ್ಯಾ ಕಪ್‌ನಲ್ಲಿ ಭಾರತ ಆಡಿತು, ಯೂರೊಬಾಸ್ಕೆಟ್‌ನಲ್ಲಿ ಯಾನಿಸ್ ಇದ್ದ ಗ್ರೀಸ್ ಕಂಚು ಗೆದ್ದಿತು. ಅಲ್ಲಿ ಐದು ಫೌಲ್‌ಗೇ ಆಟಗಾರ ಹೊರಗೆ, ಕ್ವಾರ್ಟರ್ ಹತ್ತು ನಿಮಿಷ. ಯಾನಿಸ್ ರಕ್ಷಣೆಯಲ್ಲಿ ಎಷ್ಟು ಎಚ್ಚರದಿಂದ ಕೈ ಹಾಕಬೇಕಾಗುತ್ತದೆ ನೋಡಿ. ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎ ಸೀಸನ್ ಕೂಡ ಈ ತಿಂಗಳುಗಳಲ್ಲೇ ನಡೆಯುತ್ತದೆ.

ಇಲ್ಲಿ ದಸರಾ ಕ್ರೀಡಾಕೂಟದ ಗಡಿಬಿಡಿ ಇರುವ ಹೊತ್ತಿಗೆ ಅಲ್ಲಿ ಟ್ರೇನಿಂಗ್ ಕ್ಯಾಂಪ್. ಬೇಸಿಗೆಯಲ್ಲಿ ತಂಡ 21 ಜನರನ್ನು ಇಟ್ಟುಕೊಳ್ಳಬಹುದು. ಸೀಸನ್ ಶುರುವಾಗುವಾಗ ಉಳಿಯುವುದು 15 ಮಾಮೂಲಿ ಒಪ್ಪಂದ, 3 ಟೂ-ವೇ, ಅಂದರೆ ಎನ್‌ಬಿಎ ಮತ್ತು ಅದರ ಕಿರಿಯ ಲೀಗ್ ಆದ ಜಿ ಲೀಗ್ ಎರಡರಲ್ಲೂ ಆಡುವ ಒಪ್ಪಂದ. ಎಕ್ಸಿಬಿಟ್ 10 ಎಂಬ ಕ್ಯಾಂಪ್ ಒಪ್ಪಂದದ ಮೇಲೆ ಬಂದವರಲ್ಲಿ ಹೆಚ್ಚಿನವರನ್ನು ಆಗ ಬಿಡುತ್ತಾರೆ, ಅವರ ಪೈಕಿ ಹಲವರು ತಂಡದ ಜಿ ಲೀಗ್ ಶಾಖೆಗೆ ಹೋಗುತ್ತಾರೆ. ಬಿಟ್ಟವರನ್ನು ಬೇರೆ ತಂಡ ಎತ್ತಿಕೊಳ್ಳಲು 48 ಗಂಟೆ ವೇವರ್ ಅವಧಿ ಇರುತ್ತದೆ. ಆದ್ದರಿಂದ ಕೊನೆಯ ಕಡಿತಗಳು ಮೊದಲ ಪಂದ್ಯಕ್ಕೆ ಎರಡು ಮೂರು ದಿನ ಮುಂಚೆಯೇ ಆಗುತ್ತವೆ. ಸೀಸನ್ನಿನ ಹಿಂದಿನ ಸಂಜೆ 6ಕ್ಕೆ ರೂಕಿ ಒಪ್ಪಂದ (ಹೊಸ ಆಟಗಾರನ ಮೊದಲ ಒಪ್ಪಂದ) ವಿಸ್ತರಿಸುವ ಗಡುವು. ಅದು ದಾಟಿದ ಹುಡುಗರ ಹೆಸರನ್ನು ಮುಂದಿನ ಜುಲೈ ಕಾಲಂನಲ್ಲಿ ಈಗಲೇ ಬರೆದುಕೊಳ್ಳಿ.

ಅಲಾರಂ ಬಗ್ಗೆ ಒಂದು ಮಾತು. ಅಕ್ಟೋಬರ್‌ನಲ್ಲಿ ಮಿಲ್ವಾಕಿಯ ಸಂಜೆ 7ರ ಪಂದ್ಯ ನಮಗೆ ಬೆಳಿಗ್ಗೆ 5:30ಕ್ಕೆ. ನವೆಂಬರ್ ಮೊದಲ ಭಾನುವಾರ ಅಲ್ಲಿಯ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಅಲ್ಲಿಂದ ಮಾರ್ಚ್‌ವರೆಗೆ ಅದೇ ಪಂದ್ಯ 6:30ಕ್ಕೆ.